ಅಧ್ಯಾಯದ ಕೊನೆ ನೋಡಿ ಆರಿಸಿದ್ದು

ಹೊಸ ಚಪ್ಪಲಿಯ ವಾಸನೆ ಬರುತ್ತದೆ ಈ ಪುಸ್ತಕದಿಂದ, ಅಂಟಿನದು, ಮೂಗಿನ ಹತ್ತಿರ ಹಿಡಿದದ್ದನ್ನು ಅಂಗಡಿಯವನು ನೋಡಿದ, ನೋಡಲಿ, ಥಾಣೆ ಸ್ಟೇಷನ್ನಿನ ಎದುರು ಬೆರಳಗಲದ ಅಂಗಡಿ ಇಟ್ಟುಕೊಂಡು ಎಷ್ಟು ಕುತೂಹಲ ಇವನಿಗೆ, ಭಾಭೀ, ಬಚ್ಚೀ ಕಿತನೇ ಸಾಲ್ ಕೀ ಹೈ — ಹನ್ನೊಂದು ವರ್ಷ, ಅಂದೆ, ಹನ್ನೊಂದಾದರೂ ನನ್ನ ಅಪೇಕ್ಷಾ ಬಸ್ಸಿನ ಬೋರ್ಡು ಓದಲಾರಳು ಅಂತ ಇವನಿಗೇಕೆ ಹೇಳಬೇಕು, ಅವನು ಆನೆ ಮರಿ, ಮೊಲ, ದಪ್ಪ ಅಕ್ಷರ ತೆಗೆದಿಟ್ಟರೆ ಪಕ್ಕಕ್ಕೆ ತಳ್ಳಿದೆ, ಚಿಕ್ಕ ಮಕ್ಕಳ ಪುಸ್ತಕ ಬೇಡ ಅಂದಿದ್ದಾರಲ್ಲ ಊರ್ಮಿಳಾ ಟೀಚರ್, ಡೊಂಬಿವಲಿಯಿಂದ ಬಂದು ಇವಳಿಗೆ ಅಕ್ಷರ ತಿದ್ದಿಸುವ ಮಹಾತಾಯಿ, ಅಪೇಕ್ಷಾಳ ಕಣ್ಣು ಓದಿನಲ್ಲಿ ಹಿಂದೆ ಇದ್ದರೂ ಕಿವಿ ಮುಂದಿದೆ, ಅವಳ ವಯಸ್ಸಿನ ದೊಡ್ಡ ಕತೆ ತನ್ನಿ, ದಿನಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದಿ ಹೇಳಿ, ಪ್ರಶ್ನೆ ಕೇಳಬೇಡಿ, ಸುಮ್ಮನೆ ಓದಿ — ಸುಮ್ಮನೆ ಓದಲಿಕ್ಕೆ ನಾನೇನು ರೇಡಿಯೋ? ನಾನು ಆರಿಸುವ ಕ್ರಮವೇ ಬೇರೆ. ಚಿತ್ರ ನೋಡುವುದಿಲ್ಲ, ಮೊದಲ ಪುಟ ನೋಡುವುದಿಲ್ಲ, ನೇರ ಅಧ್ಯಾಯದ ಕೊನೆಗೆ ಹೋಗುತ್ತೇನೆ, ಎಲ್ಲರೂ ಹಾಯಾಗಿ ಮಲಗಿದರು ಅಂತ ಮುಗಿದರೆ ಅದು ನನಗೆ ಬೇಡ, ಈ ಪುಸ್ತಕದಲ್ಲಿ ನೋಡು, ಹುಡುಗಿ ಕಟ್ಟಡದ ಮೇಲಿನ ನೀರಿನ ಟ್ಯಾಂಕಿಗೆ ಬಿದ್ದಿದ್ದಾಳೆ, ಮುಚ್ಚಳ ಮುಚ್ಚಿಕೊಂಡಿದೆ, ಕೆಳಗೆ ಅವಳ ಅಣ್ಣನೇ ಪಂಪಿನ ಸ್ವಿಚ್ಚಿಗೆ ಕೈ ಹಾಕುತ್ತಾನೆ, ಅಧ್ಯಾಯ ಮುಗಿಯಿತು. ಇದನ್ನು ಕಟ್ಟಿಕೊಡಿ ಅಂದೆ.

ರಿಕ್ಷಾದಲ್ಲಿ ಮಡಿಲ ಮೇಲಿಟ್ಟುಕೊಂಡರೆ ಹಿಂದಿನ ಪುಸ್ತಕದ್ದೇ ನೆನಪು, ಅದರಲ್ಲಿ ದೋಣಿ, ನಾಯಿ, ನಾಯಿ ನೀರಿಗೆ ಹಾರಿದ ಕಡೆ ಪಟ್ಟನೆ ಮುಚ್ಚಿದ್ದೆ, ಬೊಕ್ಕ? ಅಂದಳು, ಮನೆಯಲ್ಲಿ ನಮ್ಮದು ತುಳು, ಆಮೇಲೇನು ಅಂತ ಕೇಳುವಾಗ ಅವಳ ಮುಖವೆಲ್ಲ ಬಾಯಿ, ಆಮೇಲಿನದು ನೀನೇ ಓದು ಅಂತ ಪುಸ್ತಕ ಅವಳ ಕೈಗೆ ಹಾಕಿದೆ, ಹಸಿವು ಕೆರಳಿದರೆ ತಾನೇ ಬಡಿಸಿಕೊಳ್ಳುತ್ತಾಳೆ, ಹೋಟೆಲಿನವನ ಹೆಂಡತಿಗೆ ಇಷ್ಟು ತಿಳಿಯದೆ? ಒಂದು ಶಬ್ದದ ಕೆಳಗೆ ಬೆರಳಿಟ್ಟು ಕೂತಳು, ಬೆವರಿಗೆ ಆ ಜಾಗದ ಕಾಗದ ಉಬ್ಬಿತು, ಬೆರಳು ಮುಂದೆ ಸರಿಯಲಿಲ್ಲ. ವರ್ತಕ ನಗರದ ನಮ್ಮ ಹೋಟೆಲಿಗೇ ಹೋಗಿ ಗಲ್ಲಾದಲ್ಲಿದ್ದ ಅಪ್ಪನನ್ನು ಕೇಳಿದಳಂತೆ, ನನ್ನ ಗಂಡ ಮುರಾರಿಯವರಿಗೆ ಹೇಳಬಾರದು ಅಂತ ಮೊದಲೇ ಆಣೆ ಹಾಕಿಸಿದ್ದೆ, ರಾತ್ರಿ ಊಟಕ್ಕೆ ಕೂತಾಗ ಹೇಳಿಬಿಡು ಮಾರಾಯ್ತಿ, ನಾಯಿ ಬದುಕಿತಾ ಸತ್ತಿತಾ ಅಂತ ಹೇಳಿದ್ರೆ ನಿನ್ನ ಗಂಟೇನು ಹೋಗ್ತದೆ, ಅಂದರು, ನನ್ನ ಗಂಟೇ ಹೋಗುವುದು, ಅವರಿಗೇನು ಗೊತ್ತು, ಅವರು ಕೇಳಿದವರಿಗೆಲ್ಲ ಸಾಂಬಾರು ಹಾಕಿಸುವವರು. ನಿದ್ದೆಯಲ್ಲಿ ನಾಯಿಯನ್ನು ಕರೆದಳು ಹುಡುಗಿ, ನನಗೆ ಖುಷಿಯಾಯಿತು, ನಾಟಿದೆ ಅಂದುಕೊಂಡೆ, ಮೊನ್ನೆ ಚೌತಿಗೆ ನೆರೂಳಿನಿಂದ ನಾದಿನಿ ಬಂದಿದ್ದಳಲ್ಲ ತನ್ನ ಮನೀಶನನ್ನು ಕಟ್ಟಿಕೊಂಡು, ಒಂಬತ್ತರ ಪೋರ, ಮಿಠಾಯಿ ಪೆಟ್ಟಿಗೆಯ ಮೇಲಿದ್ದದ್ದನ್ನೆಲ್ಲ ಅರಳು ಹುರಿದ ಹಾಗೆ ಓದಿದ, ನೀನೂ ಓದು ಪುಟ್ಟಾ ಅಂದಳು ನಾದಿನಿ, ಅದೇ ಪೆಟ್ಟಿಗೆ ಹಿಡಿದು ಇವಳು ಮನಸ್ಸಿಗೆ ಬಂದದ್ದನ್ನು ಓದಿದಳು, ಪೆಟ್ಟಿಗೆಯಲ್ಲಿ ಒಬ್ಬ ರಾಜನಿದ್ದನಂತೆ, ಅವನಿಗೆ ಹಲ್ಲು ನೋವಂತೆ — ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ, ನಗದಿದ್ದರೆ ಅವಳು ನನ್ನವಳು ಅಂತಾಗುತ್ತಿತ್ತು. ತೀ ಆಳಶೀ ನಾಹೀ ತಾಈ, ಸೋಮಾರಿಯಲ್ಲ ಅವಳು, ಪಾಠಕ್ಕೆ ಬಂದಾಗ ಊರ್ಮಿಳಾ ಟೀಚರ್ ನನ್ನ ಕೈ ಹಿಡಿದು ಹೇಳಿದರು, ಹೌದೇ, ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ್ದರೆ ಹೀಗೆ ಹೇಳುತ್ತಿದ್ದಿರಾ, ಒಂದು ಪುಟ, ಒಂದೇ ಒಂದು ಪುಟ ತಾನಾಗಿ ಓದಿಬಿಡಲಿ, ಬೇರೇನೂ ಬೇಡ ನನಗೆ. ಬೊಕ್ಕ ಅನ್ನುವುದನ್ನು ಬಿಟ್ಟಿದ್ದಾಳೆ ಈಚೆಗೆ, ಅದಕ್ಕೇ ಟ್ಯಾಂಕಿನ ಪುಸ್ತಕ ತಂದದ್ದು.

ಕುಕ್ಕರ್ ಇಳಿಸಿ ಬಂದು ಕೂತಿದ್ದೇನೆ, ಎದುರಿಗೆ ಅವಳು, ಇಂಗ್ಲಿಷಿನಲ್ಲಿ ಓದಿ ಕಷ್ಟದ ಕಡೆ ತುಳುವಿನಲ್ಲಿ ಹೇಳುತ್ತೇನೆ, ಹುಡುಗಿ ಗಾಳಿಪಟ ತೆಗೆಯಲು ಟ್ಯಾಂಕಿನ ಮೇಲೆ ಹತ್ತಿದಳು, ಕಾಲು ಜಾರಿತು, ಇವಳು ಬಾಯಿ ತೆರೆದು ಕೂತಿದ್ದಾಳೆ, ಮಂಡಿ ಮುಂದೆ ಮುಂದೆ ಬರುತ್ತಿದೆ, ಸಿಕ್ಕಿದೆ ನನ್ನ ಮೀನು, ನಿಧಾನ ಮಾಡುತ್ತೇನೆ ಈಗ, ಕೊನೆಯ ಪುಟ, ಅಣ್ಣ ಮೆಟ್ಟಿಲಿಳಿದ, ಸ್ವಿಚ್ಚಿನ ಹತ್ತಿರ — ಅವಳು ಎರಡೂ ತೋರುಬೆರಳು ಎತ್ತಿ ಕಿವಿಗೆ ತುರುಕಿಕೊಂಡಳು. ಸಿಟ್ಟಿಲ್ಲ, ಅಳುವಿಲ್ಲ. ನನ್ನ ದನಿ ನಿಧಾನವಾದರೆ ಏನು ಬರುತ್ತದೆ ಅಂತ ಅವಳು ಕಲಿತಿದ್ದಾಳೆ, ನಾನು ಕಲಿಸಿದ ಒಂದೇ ಪಾಠ ಅದು. ಒಂದು ಕೈ ಎಳೆದೆ, ಬಿಟ್ಟ ತಕ್ಷಣ ಬೆರಳು ಮತ್ತೆ ಒಳಗೆ. ಇಲ್ಲ ಮಗಾ, ಇವತ್ತು ನಿಲ್ಲಿಸುವುದಿಲ್ಲ, ನೋಡು ಪುಟ ತಿರುಗಿಸಿದೆ, ಎರಡನೆಯ ಅಧ್ಯಾಯ, ಆ ಹುಡುಗಿ ಬದುಕುತ್ತಾಳೆ, ಅಣ್ಣನಿಗೆ ಮುಚ್ಚಳ ಬಡಿಯುವ ಸದ್ದು ಕೇಳುತ್ತದೆ, ಜೋರಾಗಿ ಓದುತ್ತೇನೆ, ಪಕ್ಕದ ಮನೆಯ ಟೀವಿಯ ಸದ್ದು ಸಣ್ಣದಾಯಿತು, ಮೂರನೆಯದಕ್ಕೆ ಬಂದೆ, ಗಂಟಲು ಹರಿಯುತ್ತಿದೆ, ಅವಳು ನನ್ನ ತುಟಿ ಅಲ್ಲಾಡುವುದನ್ನೇ ನೋಡುತ್ತಾ ಕೂತಿದ್ದಾಳೆ, ಬೆರಳು ಕಿವಿಯಲ್ಲಿ, ನಾಯಿ ಕೂಡ ಬದುಕಿತು ಕಣೇ, ದಡ ಸೇರಿತು, ಕೇಳಿಸಿತಾ, ಬೆರಳು ಕಿವಿಯಲ್ಲಿ, ಉಗುರಿನ ಬುಡ ಬೆಳ್ಳಗಾಗುವಷ್ಟು ಒತ್ತಿ, ಎರಡೂ ಬೆರಳು.