ಅರ್ಧದಲ್ಲಿ ಅರ್ಧ

"ಅಯ್ಯೋ, ಮುಟ್ಬೇಡಿ ಅತ್ತಿಗೆ!"

ವಿಭೂತಿ ಹಿಡಿದಿದ್ದ ಮಂಜುಳಮ್ಮನ ಕೈ ಅಲ್ಲೇ ನಿಂತಿತು. ರಾಜೀವನಗರದ ಆ ಮನೆಯ ಹಾಲ್‌ನಲ್ಲಿ ಗಂಡ ವೃಷಭೇಂದ್ರಪ್ಪನವರ ದೇಹವನ್ನು ಗೋಡೆಗೊರಗಿಸಿ ಕೂರಿಸಿದ್ದರು. ನೆಂಟರು ಮೆಡಿಕಲ್ ಸ್ಟೋರಿನಿಂದ ಗ್ಲೌಸು ತಂದು ಹಾಕಿಕೊಂಡೇ ಸ್ನಾನ ಮಾಡಿಸಿದ್ದರು. ಹೆಂಡತಿ ವಿಭೂತಿ ಹಚ್ಚಿದರೆ ಮಣ್ಣಿಗೆ ಹೊರಡುವುದೊಂದೇ ಬಾಕಿ.

ಕೂಗಿದ್ದು ನಾದಿನಿ ಪ್ರೇಮಲೀಲಾ. "ಮೈಯೆಲ್ಲ ರೇಡಿಯೇಷನ್ ಕಣ್ರೀ. ಸತ್ತ ತಕ್ಷಣ ಹೋಗ್ಬುಡ್ತದಾ ಅದು?"

ಹೋದವರು ಎದೆನೋವಿನಿಂದ ಹೋದರು, ಇದೆಂಥದು ನಡುವೆ? ಮಂಜುಳಮ್ಮನಿಗೆ ತಲೆಬುಡ ಒಂದೂ ತಿಳಿಯಲಿಲ್ಲ.

*

ಹೋದ ವರ್ಷ ಥೈರಾಯ್ಡ್ ಕ್ಯಾನ್ಸರಿಗೆಂದು ಗಂಡನಿಗೆ ಆಸ್ಪತ್ರೆಯಲ್ಲಿ ಅಯೋಡಿನ್ ಗುಳಿಗೆ ನುಂಗಿಸಿದ್ದರು. ಸ್ವಲ್ಪ ದಿನ ಮನೆಯವರಿಂದ ದೂರ ಇರಿ ಎಂದಿದ್ದರಂತೆ; ಯಾಕೆಂದು ಮಂಜುಳಮ್ಮನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ತಟ್ಟೆ ಬೇರೆ, ಲೋಟ ಬೇರೆ, ಹಾಸಿಗೆ ಬೇರೆ. ಈಕೆ ಹತ್ತಿರ ಹೋದರೆ ಸಾಕು, ಆಸಾಮಿ ಎದ್ದು ಕಿಟಕಿಯ ಪಕ್ಕ ನಿಲ್ಲುತ್ತಿತ್ತು.

"ಅಲ್ಲೇ ಇರು ಮಂಜುಳಾ."

ಇಷ್ಟು ವರ್ಷ ಬಾಳಿದವಳು ಈಗ ಬೇಡವಾದೆನೇ ಎಂದು ಆಕೆ ಸೆರಗಲ್ಲಿ ಕಣ್ಣೊರೆಸಿಕೊಂಡಿದ್ದು ಅದೆಷ್ಟು ಸಲವೋ.

*

"ಆ ಗುಳಿಗೆಯ ರೇಡಿಯೇಷನ್ ಎಂಟು ದಿನಕ್ಕೆ ಅರ್ಧ ಆಗ್ತದೆ ಅಜ್ಜಿ. ಇನ್ನೆಂಟು ದಿನಕ್ಕೆ ಅರ್ಧದಲ್ಲಿ ಅರ್ಧ. ವರ್ಷ ಆಯ್ತಲ್ಲ, ಈಗೇನೂ ಇಲ್ಲ," ಎಂದಳು ಪಿಯುಸಿ ಓದುವ ಮೊಮ್ಮಗಳು ಲಾಸ್ಯ. "ಆಲ್ಫಾ ಕಿರಣ ಇದ್ರಲ್ಲಿಲ್ಲ. ಬೀಟಾ ಗಂಟಲೊಳಗೇ ಕೆಲಸ ಮಾಡ್ತದೆ. ಗಾಮಾ ಮಾತ್ರ ಮೈ ದಾಟಿ ಹೊರಗೆ ಬರೋದು. ಅದಕ್ಕೇ ಆಗ ದೂರ ಇರಿ ಅಂದಿದ್ದು."

"ಅರ್ಧ, ಅರ್ಧ ಅಂತಿದ್ರೆ ಮುಗಿಯೋದ್ಯಾವಾಗೇ?" ಎಂದರು ಪ್ರೇಮಲೀಲಾ.

ಲಾಸ್ಯಳ ದನಿ ಇಳಿಯಿತು. "ತಾತನೂ ಇದನ್ನೇ ಕೇಳಿದ್ರು. ಏನೂ ಆಗಲ್ಲ ಅಂತ ಎಷ್ಟು ಹೇಳ್ದೆ. 'ಚೂರಾದ್ರೂ ಉಳ್ಕೊಂಡಿರ್ತದಲ್ಲ ಮಗಾ, ನಿಮ್ಮಜ್ಜಿಗೆ ತಗುಲೋದು ಬೇಡ' ಅಂದ್ಬುಟ್ರು."

ಮಂಜುಳಮ್ಮನಿಗೆ ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು.

"ಇದಕ್ಕಾ? ಬಾಯಿಬಿಟ್ಟು ಒಂದ್ಮಾತು ಹೇಳ್ಬಾರ್ದಿತ್ತಾ, ಪುಣ್ಯಾತ್ಮ?"

ಮೂರು ಬೆರಳಲ್ಲಿ ಹಚ್ಚಬೇಕಾದ ವಿಭೂತಿಯನ್ನು ಇಡೀ ಅಂಗೈಯಿಂದ ಹಣೆಗೆ, ಕೆನ್ನೆಗೆ, ಗಂಟಲಿಗೆ ಬಳಿದರು. ಆಮೇಲೆ ಕಿಟಕಿಯ ಹತ್ತಿರ ಹೋದರು. ಯಾರೂ ಮುಟ್ಟದ ಅವರ ಲೋಟ ಅಲ್ಲೇ ಇತ್ತು. ನಿನ್ನೆ ಅವರು ಕುಡಿದು ಬಿಟ್ಟ ನೀರು ಅದರಲ್ಲಿ ಅರ್ಧ ಉಳಿದಿತ್ತು.

"ಅತ್ತಿಗೆ!" ಎಂದರು ಪ್ರೇಮಲೀಲಾ.

ಮಂಜುಳಮ್ಮ ಲೋಟವನ್ನು ತುಟಿಗೆ ಹಚ್ಚಿ, ಅಷ್ಟೂ ನೀರನ್ನು ಕುಡಿದರು.