ಗೋಡೆಯಾಚೆಯ ಸಸಿ

ಆ ಊರಿನಲ್ಲಿ ಮರಿಯಮ್ಮನ ಚರ್ಚನ್ನು ಸುತ್ತುವರಿದ ಕಾಡಿನ ಪಕ್ಕ ಹಾದುಹೋಗುವವರು ಯಾರೇ ಆಗಲಿ, ಒಂದು ಗಳಿಗೆ ನಿಂತು ಸುತ್ತುಗೋಡೆಯ ಕಲ್ಲಿಗೆ ಮುತ್ತಿಟ್ಟೇ ಮುಂದೆ ಹೋಗುವುದು. ದನ ಕದ್ದು ಹೊಡೆದುಕೊಂಡು ಹೋಗುವವನೂ ಅಷ್ಟು ಮಾಡುತ್ತಾನೆ. ಎಂಗುದಾಯ್ ಮಾತ್ರ ಆ ಬೇಸಿಗೆಯ ಕೊನೆಯಿಂದ ಅದನ್ನು ಬಿಟ್ಟಿದ್ದಳು.

ಅವಳ ಮೊದಲ ಮಗು ಹೆಣ್ಣು. ಹೆಣ್ಣುಮಗುವಿಗೆ ಎಂಬತ್ತನೆಯ ದಿನ ದೀಕ್ಷಾಸ್ನಾನ. ಅಲ್ಲಿಯವರೆಗೆ ತಾಯಿಯೂ ಚರ್ಚಿನೊಳಗೆ ಕಾಲಿಡುವಂತಿಲ್ಲ, ಮಗುವೂ ಹೋಗುವಂತಿಲ್ಲ. ಇನ್ನೊಂದು ವಾರವಿದೆ ಎನ್ನುವಾಗ ಮಗು ಜ್ವರ ಬಂದು ತೀರಿಕೊಂಡಿತು.

ಪಾದ್ರಿ ಬಿಯಾದ್ಗೊ ಕೆಟ್ಟವರೇನಲ್ಲ. ಕಣ್ಣೊರೆಸಿಕೊಳ್ಳುತ್ತಲೇ ಹೇಳಿದರು, "ಸ್ನಾನ ಆಗ್ದೇ ಇರೋ ಕೂಸು. ಗೋಡೆ ಒಳಗೆ ಮಣ್ಣು ಮಾಡೋ ಹಂಗಿಲ್ಲ ಕಣಪ್ಪ."

"ಪಕ್ಕದಲ್ಲಾದ್ರೂ ಮಾಡ್ಕೊಳ್ತೀವಿ ಸ್ವಾಮ್ಯೋರೆ," ಎಂದ ಅವಳ ಗಂಡ ಮುಲಾತ್. "ಒಳಗಿನ ಮರದ ನೆರಳು ಬೀಳೋ ಕಡೆ."

ಹಾಗೆ ಮಗು ಗೋಡೆಯ ಹೊರಗೆ, ಮುಲಾತನ ಬಾರ್ಲಿ ಹೊಲಕ್ಕೂ ಕಾಡಿಗೂ ನಡುವಿನ ಹುಲ್ಲಿನ ಪಟ್ಟಿಯಲ್ಲಿ ಮಲಗಿತು. ಅಂದಿನಿಂದ ಎಂಗುದಾಯ್ ದೇವರ ಜೊತೆ ಮಾತು ಬಿಟ್ಟಳು. ಅಂಗೈಯಗಲದ ಕೂಸಿಗೆ ಜಾಗ ಕೊಡದವನ ಹತ್ತಿರ ಏನು ಮಾತು?

ಆದರೆ ಆ ಜಾಗ ಬಿಟ್ಟು ಇರಲೂ ಆಗಲಿಲ್ಲ. ಬೆಳಗಿನ ಕೆಲಸ ಮುಗಿದದ್ದೇ ತಡ, ಹೋಗಿ ಕೂರುತ್ತಿದ್ದಳು. ಅತ್ತೆ ಅಲ್ಗನೆಶ್ ಹೊಲದಾಚೆಯಿಂದಲೇ ಕೂಗುತ್ತಿದ್ದಳು.

"ಗಡಿಗೇಲಿ ಇಂಜೆರಾ ರೊಟ್ಟಿ ಹಿಟ್ಟು ಹುಳಿ ಬಂದು ಉಕ್ತಾ ಐತೆ, ಇವ್ಳು ಕಲ್ಲು ಕಾಯ್ತಾ ಕೂತವ್ಳೆ! ನನ್ ಮಗನ್ನ ಕಟ್ಕೊಂಡ್ಯೋ ಆ ಗೋಡೇನ ಕಟ್ಕೊಂಡ್ಯೋ?"

"ಗೋಡೆ ನಿಮ್ಮಷ್ಟು ಬಯ್ಯಲ್ಲ ಅತ್ತೆ."

ಮುದುಕಿಗೆ ನಗು ಬಂದುಬಿಡುತ್ತಿತ್ತು. ಸೊಸೆ ಬಾಯಿ ಬಿಟ್ಟಳಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ.

ಮಳೆ ಹಿಡಿಯಿತು. ಹೊಲದ ಕಡೆ ಎಲ್ಲ ಕೆಸರು, ಕಾಡಿನ ಕಡೆ ಮಾತ್ರ ಹಸಿರು ಕತ್ತಲು. ಕುರಿತುಪ್ಪಳದ ಕಂಬಳಿ ಹೊದ್ದು ಕೂತರೆ ಒಳಗಿನಿಂದ ಪೂಜೆಯ ಹಾಡು ಕೇಳುತ್ತಿತ್ತು. ಅವಳು ಕಿವಿಯನ್ನು ಅದರಿಂದ ತಿರುಗಿಸಿ, ಎಲೆಗಳ ಮೇಲೆ ಬೀಳುವ ಹನಿಗೆ ಕೊಡುತ್ತಿದ್ದಳು. ಕಪ್ಪುಬಿಳಿ ಕೋತಿಗಳು ಗೋಡೆ ದಾಟಿ ಬಂದು ಅವಳನ್ನು ನೋಡಿ ಹೋಗುತ್ತಿದ್ದವು. ಗೋಡೆಯೊಳಗಿನ ಜುನಿಪರ್ ಮರದಿಂದ ತೊಟ್ಟಿಕ್ಕುವ ನೀರು ಒಳಗೂ ಬೀಳುತ್ತಿತ್ತು, ಹೊರಗೆ ಮಗುವಿನ ಮೇಲೂ ಬೀಳುತ್ತಿತ್ತು. ಬಿಸಿಲು ಬಿದ್ದಾಗ ನೆರಳೂ ಹಾಗೆಯೇ. ಗೋಡೆ ಇದೆ ಅಂತ ಮರಕ್ಕೆ ಯಾರೂ ಹೇಳಿರಲಿಲ್ಲ.

ಒಂದು ಬೆಳಗ್ಗೆ ಮಗುವಿನ ಮಣ್ಣಿನ ಮೇಲೆ ಎರಡೆಲೆಯ ಸಸಿ ಕಂಡಿತು. ಕಾಡು ಆಲಿವ್, ಹಾಲಿನ ಗಡಿಗೆಗೆ ಹೊಗೆ ಹಾಕುತ್ತಾರಲ್ಲ, ಅದೇ ಮರ. ಪಾರಿವಾಳ ಬೀಜ ಬೀಳಿಸಿತ್ತೋ ಏನೋ. ಬಗ್ಗಿ ನೋಡುತ್ತಿದ್ದವಳ ಬಾಯಿಂದ "ಕಾಪಾಡಪ್ಪಾ" ಎಂದು ಬಂದೇಬಿಟ್ಟಿತು. ಯಾರಿಗೆ ಹೇಳಿದೆ ಎಂದು ಹೊಳೆದು ಅವಳಿಗೆ ಸಿಟ್ಟು ಬಂತು, ಆಮೇಲೆ ಅಳು ಬಂತು. ಮಗು ಸತ್ತ ಮೇಲೆ ಮನಸ್ಸು ಹಗುರಾಗುವ ಹಾಗೆ ಅತ್ತದ್ದು ಅಂದೇ.

ಅಂದಿನಿಂದ ಅವಳು ಸುಮ್ಮನೆ ಕೂರಲಿಲ್ಲ. ಮುಳ್ಳು ಕಡಿದು ತಂದು ಸಸಿಯ ಸುತ್ತ ಇಟ್ಟಳು. ಪಕ್ಕದಲ್ಲಿ ಇನ್ನೊಂದು ಕಂಡಿತು, ಅದರಾಚೆ ಮತ್ತೊಂದು. ಮುಳ್ಳುಬೇಲಿ ಪಟ್ಟಿಯುದ್ದಕ್ಕೂ ಬೆಳೆಯಿತು. ಮನೆಯ ಹಸುವೇ ಬಾಯಿ ಹಾಕಲು ಬಂದಾಗ ಕೋಲೆತ್ತಿ ಅಟ್ಟಿದಳು.

"ನಮ್ ಹಸೂನೇ ಹೊಡೀತೀಯಲ್ಲೇ! ಹುಲ್ಲು ಬೇಡ್ವಾ ಅದಕ್ಕೆ?" ಎಂದ ಮುಲಾತ್.

"ಬೇರೆ ಕಡೆ ಹೋಗಿ ತಿನ್ಲಿ. ಇಲ್ಲಿ ಮಗು ಮಲಗೈತೆ."

ಮುಲಾತ್ ಹಸುವನ್ನು ಹೊಡೆದುಕೊಂಡು ಹೋದ. ಸಂಜೆ ಅವನೂ ಒಂದು ಹೊರೆ ಮುಳ್ಳು ತಂದು ಹಾಕಿದ.

ಮಳೆ ನಿಂತಾಗಲೇ ಅಲ್ಲಿ ಹೊಸ ವರ್ಷ; ಗುಡ್ಡಗಳಲ್ಲಿ ಅದರ ಹಳದಿ ಹೂ ಅರಳಿತು. ಮಳೆಗೆ ಮಗುವಿದ್ದ ಕಡೆಯ ಗೋಡೆ ಕುಸಿದಿತ್ತು. ಪದ್ಧತಿಯಂತೆ ಊರವರೆಲ್ಲ ಹೊಲದ ಕಲ್ಲು ಹೊತ್ತು ಬಂದರು. ಗೋಡೆಯ ನೇರಕ್ಕೆ ದಾರ ಹಿಡಿಯಲು ಬಂದ ಪಾದ್ರಿ ಬಿಯಾದ್ಗೊ ಮುಳ್ಳುಬೇಲಿಯ ಮುಂದೆ ನಿಂತುಬಿಟ್ಟರು. ಗೇಣುದ್ದದ ಸಸಿಗಳು, ಸಾಲಾಗಿ. ಕಾಡಿನ ಒಂದು ಸಸಿಯನ್ನೂ ಹೊರಗೆ ಬಿಟ್ಟು ಗೋಡೆ ಕಟ್ಟಬಾರದು ಎನ್ನುವುದು ಹಳೆಯ ಕಟ್ಟಳೆ. ಹೊರಗೆ ಮೊಳೆತದ್ದನ್ನೆಲ್ಲ ಮೇಯುವ ದನಗಳ ದಯೆಯಿಂದ ಇಷ್ಟು ವರ್ಷ ಯಾರಿಗೂ ಅದರ ನೆನಪಾಗುವ ಪ್ರಮೇಯವೇ ಬಂದಿರಲಿಲ್ಲ.

ಪಾದ್ರಿ ಸಸಿಯನ್ನು ನೋಡಿದರು, ಅದರ ಕೆಳಗಿನ ಪುಟ್ಟ ದಿಣ್ಣೆಯನ್ನು ನೋಡಿದರು. ಎಂಗುದಾಯ್ ಮುಳ್ಳುಬೇಲಿಗೆ ಒತ್ತಿಕೊಂಡು ನಿಂತಿದ್ದಳು.

"ದಾರ ಆಚೆಗೆ ಎಳೀರಪ್ಪ," ಎಂದರು ಪಾದ್ರಿ. "ಇವೆಲ್ಲಾ ಮರಿಯಮ್ಮನ ಮರ. ಒಳಗೇ ಬರ್ಬೇಕು."

"ಹಂಗಾದ್ರೆ ಬಾರ್ಲಿ ಹೊಲದಲ್ಲಿ ಎರಡು ಸಾಲು ಹೋಯ್ತದಲ್ಲ ಮುಲಾತ?" ಎಂದರು ಯಾರೋ.

ಮುಲಾತ್ ಬಾಯಿ ತೆರೆಯುವ ಮೊದಲೇ ಅಲ್ಗನೆಶ್ ಎದ್ದು ನಿಂತಳು. "ಹೋಗ್ಲಿ ಬಿಡ್ರೋ. ನನ್ ಮೊಮ್ಮಗಳ ಪಾಲು ಅದು."

ಕಲ್ಲುಗಳು ಕೈಯಿಂದ ಕೈಗೆ ಬಂದವು. ಎಂಗುದಾಯ್ ತನ್ನ ಹೊಲದ ಮಣ್ಣಂಟಿದ ಒಂದು ಕಲ್ಲನ್ನು ಎತ್ತಿ ತಂದು ಸಸಿಯ ನೇರಕ್ಕೆ ಹೊಸ ಗೋಡೆಯಲ್ಲಿ ಕೂರಿಸಿದಳು. ಅಲುಗದ ಹಾಗೆ ಒತ್ತಿ ನೋಡಿದಳು. ಮತ್ತೆ ಬಗ್ಗಿ, ಕಲ್ಲಿಗಂಟಿದ ಆ ಹಸಿ ಮಣ್ಣಿನ ಮೇಲೆಯೇ ತುಟಿಯಿಟ್ಟು, ಬಹಳ ಹೊತ್ತು ತಲೆಯೆತ್ತಲಿಲ್ಲ.