ಎಲ್ಲಿಯವರೆಗೆ ಇಡಬೇಕು

"ಮುಂದಕ್ಕೆ ಹಾಕು, ಇದೂ ಕರೆಂಟ್ ಬಿಲ್ಲೇ," ಎಂದ ಅಣ್ಣ ರಾಡಿಶಾ.

ಯಾಗೊಡಾ ಸ್ಮಶಾನದ ಕಚೇರಿಯ ಕಂಪ್ಯೂಟರಿಗೆ ಪೆನ್‌ಡ್ರೈವ್ ಸಿಕ್ಕಿಸಿ, ಹಳೆಯ ರಸೀದಿಯೊಂದು ಎಲ್ಲಾದರೂ ಸೇರಿಕೊಂಡಿದೆಯೇ ಎಂದು ಒಂದೊಂದೇ ಫೋಟೋ ಸರಿಸುತ್ತಿದ್ದಳು. ಒಟ್ಟು ಎರಡು ಸಾವಿರದ ನೂರ ನಲವತ್ತು. ಯಾವುದಕ್ಕೂ ಹೆಸರಿಲ್ಲ, ಬರೀ ಅಂಕಿ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ. ಒಂದು ಗಂಟೆಗೆ ಪಾದ್ರಿ ಬರುತ್ತಾರೆ. ಪಕ್ಕದ ಪ್ರಾರ್ಥನಾ ಕೋಣೆಯಲ್ಲಿ ಅವರ ಅಪ್ಪ ವುಕಾಶಿನ್ ತೆರೆದ ಪೆಟ್ಟಿಗೆಯಲ್ಲಿ ಮಲಗಿದ್ದ. ಅವನನ್ನು ಎಲ್ಲಿ ಹೂಳಬೇಕೆಂಬುದೇ ಇನ್ನೂ ತೀರ್ಮಾನವಾಗಿರಲಿಲ್ಲ.

"ನೋಡಿ, ನಾನು ಆಗಲೇ ಹೇಳಿದೆ," ಎಂದಳು ಕಚೇರಿಯ ಹೆಂಗಸು. "ನಿಮ್ಮ ತಾಯಿಯ ಸಮಾಧಿ ಜಾಗದ ಬಾಡಿಗೆ ಮುಗಿದು ಹತ್ತು ವರ್ಷ ಆಯ್ತು ಅಂತ ಕಂಪ್ಯೂಟರಲ್ಲಿದೆ. ಅದರ ಪಕ್ಕ ಅಗೆಯೋ ಹಾಗಿಲ್ಲ."

"ಅಪ್ಪ ಮೂವತ್ತು ವರ್ಷದ್ದು ಒಂದೇ ಸಲ ಕಟ್ಟಿದ್ದ. ನಿಮ್ಮ ಹಳೇ ಪುಸ್ತಕ ನೋಡ್ರೀ," ಎಂದ ರಾಡಿಶಾ.

"ಹಳೇ ಪುಸ್ತಕ ಎಲ್ಲಿದೆ? ಕಂಪ್ಯೂಟರ್ ಬಂದಾಗ ರದ್ದಿಗೆ ಹಾಕಿದ್ರು."

"ಸರಿ, ಈಗ ಇನ್ನೊಂದು ಸಲ ಕಟ್ಟಿಬಿಡ್ತೀನಿ," ಎಂದ ರಾಡಿಶಾ.

"ಅದಕ್ಕೆ ಸಮಿತಿ ಕೂರಬೇಕು, ಗುರುವಾರ. ಇವತ್ತೇ ಆಗಬೇಕು ಅಂದ್ರೆ ಬೇಲಿ ಪಕ್ಕದ ಹೊಸ ಸಾಲು. ಇಲ್ಲಾ, ಮೊಹರು ಇರೋ ರಸೀದಿ ತನ್ನಿ."

ರಾಡಿಶಾ ತಂಗಿಯ ಕಡೆ ತಿರುಗಿದ. "ಕೇಳಿಸ್ತಾ? ರಸೀದಿ. ಅಪ್ಪ ನಲವತ್ತು ವರ್ಷ ಜೋಪಾನ ಮಾಡಿದ್ದನ್ನ ನೀನು ಒಂದೇ ದಿನದಲ್ಲಿ ಗುಡಿಸಿ ಹಾಕಿದೆಯಲ್ಲ, ಅದರಲ್ಲಿತ್ತು."

"ನೀನು ಎರಡು ಬೀದಿ ಆಚೆ ಇದ್ದವನು. ಆಗ ಬಂದು ತಗೊಂಡು ಹೋಗಬೇಕಿತ್ತು."

"ಅಮ್ಮನ ಪಕ್ಕ ಬೇಡ ಬಿಡು, ಅಪ್ಪನ್ನ ನಿನ್ನ ಕರೆಂಟ್ ಬಿಲ್ಲಿನ ಪಕ್ಕ ಮಲಗಿಸೋಣ."

ಯಾಗೊಡಾ ಮುಂದಿನ ಫೋಟೋಗೆ ಸರಿಸಿದಳು. ತಪ್ಪು ಅವಳದೇ.

* * *

ಮೂರು ವರ್ಷದ ಹಿಂದೆ ಅಪ್ಪ ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾಗ ಅವಳು ಅವನ ಕಾಗದಪತ್ರದ ಬೀರುವಿಗೆ ಕೈ ಹಾಕಿದ್ದಳು. ಎರಡು ಕೋಣೆಯ ಮನೆಯಲ್ಲಿ ಬೂಟಿನ ಡಬ್ಬಗಳೇ ಒಂದು ಗೋಡೆ ತಿಂದಿದ್ದವು. ಗಂಡನನ್ನು ಬಿಟ್ಟು ಬಂದ ಮಗಳಿಗೆ ಬಟ್ಟೆ ಇಡಲು ಒಂದು ಖಾನೆಯನ್ನೂ ಅವನು ಖಾಲಿ ಮಾಡಿಕೊಟ್ಟಿರಲಿಲ್ಲ. ಐದು ವರ್ಷಕ್ಕಿಂತ ಹಳೆಯ ಕಾಗದ ಇಡಬೇಕಾಗಿಲ್ಲ ಎಂದು ಅವಳು ಎಲ್ಲೋ ಓದಿದ್ದಳು. ಅದಕ್ಕಿಂತ ಹೊಸದನ್ನೆಲ್ಲ ಫೋನಿನಲ್ಲಿ ಫೋಟೋ ಹಿಡಿದು, ಪೆನ್‌ಡ್ರೈವಿಗೆ ಹಾಕಿ, ಕಾಗದ ಎಸೆದಳು. ಹಳೆಯದನ್ನು ನೋಡಲೂ ಇಲ್ಲ, ನೇರ ಚೀಲಕ್ಕೆ ತುಂಬಿದಳು.

ಪ್ರತಿ ಡಬ್ಬದ ಮುಚ್ಚಳದ ಮೇಲೂ ಅಪ್ಪ ಎಲ್ಲಿಯವರೆಗೆ ಇಡಬೇಕೆಂದು ಬರೆದಿಟ್ಟಿದ್ದ. ಒಲೆ: ಕೆಟ್ಟುಹೋಗುವವರೆಗೆ. ಕರೆಂಟು: ಐದು ವರ್ಷ. ಲೆಪಾಳ ಆಸ್ಪತ್ರೆ: ನಾನಿರುವವರೆಗೆ. ಕಸದ ಲಾರಿ ಹೋದ ಮೇಲೆ, ಜಾರಿಬಿದ್ದ ಒಂದೆರಡು ಮುಚ್ಚಳ ಎತ್ತಿಕೊಂಡಾಗಲೇ ಅವಳು ಅದನ್ನು ಓದಿದ್ದು. ಲೆಪಾ ಅವಳ ಅಮ್ಮ.

ಊರುಗೋಲು ಹಿಡಿದು ಮನೆಗೆ ಬಂದ ಅಪ್ಪ ಬೀರು ತೆರೆದು ಖಾಲಿ ಖಾನೆಗಳ ಮೇಲೆ ಕೈಯಾಡಿಸಿದ. ಐದು ವರ್ಷದ್ದು ಇದ್ದರೆ ಸಾಕು ಎಂದು ಅವಳು ವಿವರಿಸಿದಳು.

"ಐದು ವರ್ಷ ಅಂತ ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ ಅಪ್ಪ. ಉಳಿದಿದ್ದೆಲ್ಲ ಇದರಲ್ಲಿದೆ," ಎಂದು ಪೆನ್‌ಡ್ರೈವ್ ಕೈಗಿಟ್ಟಳು.

ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ದಾರ ಕಟ್ಟಿ, ಸಂತನ ಪಟದ ಪಕ್ಕದ ಮೊಳೆಗೆ ನೇತುಹಾಕಿದ. ಆಮೇಲೆ ಒಂದೇ ಮಾತು ಹೇಳಿದ್ದು: "ನನ್ನ ಸಾವಿನ ಸೂಟು, ಹೂಳುವಾಗ ಹಾಕೋದು, ಅದನ್ನ ಮುಟ್ಟಬೇಡ." ಅಲ್ಲಿಂದ ಮೂರು ವರ್ಷ ಅವನ ಮಾತೆಂದರೆ ಉಪ್ಪು ಕೊಡು, ಕಿಟಕಿ ಹಾಕು, ಅಷ್ಟೇ. ಅವಳೂ ಹಟಕ್ಕೆ ಬಿದ್ದು ಕ್ಷಮೆ ಕೇಳಲಿಲ್ಲ.

* * *

ಪ್ರಾರ್ಥನಾ ಕೋಣೆಯ ಬಾಗಿಲಲ್ಲಿ ಅಪ್ಪನ ತಂಗಿ ಕೊಸಾನಾ ಬಂದವರಿಗೆ ಸತ್ತವನ ಹೆಸರಿನ ಬೇಯಿಸಿದ ಗೋಧಿ, ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ಕೊಡುತ್ತಿದ್ದಳು. ರಾಡಿಶಾ ಬಂದು ಸುದ್ದಿ ಹೇಳಿದ್ದೇ ತಡ, ಗೋಧಿಯ ತಟ್ಟೆಯನ್ನು ಠಕ್ಕೆಂದು ಕೆಳಗಿಟ್ಟಳು.

"ಬೇಲಿ ಪಕ್ಕಾನಾ? ನಮ್ಮಣ್ಣನ್ನಾ? ನಿನ್ನ ಕೈ ಸೇದಿಹೋಗ, ಯಾಗೊಡಾ!"

"ಬೈಯಿ ಅತ್ತೆ, ಬೈಯಿ. ಅವನಿಗೆ ಸ್ನಾನ ಮಾಡಿಸಿದ್ದೂ ಇದೇ ಕೈ."

"ಸ್ನಾನ ಮಾಡಿಸಿದ್ಯಂತೆ! ಸತ್ತವನಿಗೆ ಬಟ್ಟೆ ಹಾಕೋಕೆ ನಾನೇ ಬರಬೇಕಾಯ್ತು. ಆ ಸೂಟಿನ ಒಳಜೇಬು ಹೊಲಿದುಬಿಟ್ಟಿದ್ದ, ಅದನ್ನಾದ್ರೂ ಒಂದು ದಿನ ನೋಡಿದ್ಯಾ?"

"ಯಾವ ಜೇಬು?"

"ಎದೆ ಕಡೇದು. ಬಿಳೀ ದಾರದಲ್ಲಿ, ಗಂಡಸಿನ ಹೊಲಿಗೆ. ಒಳಗೆ ಸಂತನ ಪಟ ಇಟ್ಟಿದ್ದಾನೆ ಅಂತ ನಾನು ಬಿಚ್ಚಲಿಲ್ಲ."

ಯಾಗೊಡಾ ನೇರ ಒಳಗೆ ನಡೆದಳು. ಮೇಣದಬತ್ತಿ ಹಿಡಿದು ನಿಂತಿದ್ದ ನೆರೆಹೊರೆಯವರು ಬಾಯಿ ತೆರೆದು ನೋಡುತ್ತಿರುವಂತೆಯೇ ಅಪ್ಪನ ಜೋಡಿಸಿದ ಕೈಗಳನ್ನು ಸರಿಸಿ, ಕೋಟಿನ ಒಳಗೆ ಕೈ ಹಾಕಿದಳು. ಹಿಂದೆ ಯಾರೋ "ಅಯ್ಯೋ, ಹೆಣದ ಜೇಬಿಗೂ ಕೈ ಹಾಕಿದಳಲ್ಲ," ಎಂದರು. ದಾರ ಗಟ್ಟಿಯಾಗಿತ್ತು. ಕೊನೆಗೆ ಅಪ್ಪನ ತಣ್ಣನೆಯ ಎದೆಯ ಮೇಲೆ ಬಗ್ಗಿ ಹಲ್ಲಿನಿಂದಲೇ ಕಡಿದಳು.

ಒಳಗಿದ್ದದ್ದು ಲಕೋಟೆ. ಅದರೊಳಗೆ ಇಪ್ಪತ್ತು ವರ್ಷದ ಹಿಂದಿನ ರಸೀದಿ, ನೀಲಿ ಮೊಹರು, ಮೂವತ್ತು ವರ್ಷದ ಬಾಡಿಗೆ. ರಾಡಿಶಾ ಅವಳ ಕೈಯಿಂದ ರಸೀದಿಯನ್ನು ಕಿತ್ತುಕೊಂಡು ಕಚೇರಿಗೆ ಓಡಿದ. ಲಕೋಟೆ ಅವಳ ಕೈಯಲ್ಲೇ ಉಳಿಯಿತು. ಅದರ ಮೇಲೆ ಅಪ್ಪ, ಡಬ್ಬಗಳ ಮೇಲೆ ಬರೆಯುತ್ತಿದ್ದ ಹಾಗೆಯೇ, ದಪ್ಪ ಅಕ್ಷರದಲ್ಲಿ ಬರೆದಿದ್ದ:

ಲೆಪಾಳ ಪಕ್ಕದ ಜಾಗ. ಎಲ್ಲಿಯವರೆಗೆ ಇಡಬೇಕು: ನನ್ನನ್ನು ಇಳಿಸುವವರೆಗೆ. ಆಮೇಲೆ ಯಾಗೊಡಾ ಬಿಸಾಡಬಹುದು.

ಒಂದು ಗಂಟೆಗೆ ಪಾದ್ರಿ ಬಂದರು, ಅವನನ್ನು ಅಮ್ಮನ ಪಕ್ಕದಲ್ಲಿ ಇಳಿಸಿದರು. ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಒಂದೊಂದು ಹಿಡಿ ಮಣ್ಣು ಹಾಕತೊಡಗಿದರು. ರಾಡಿಶಾ ಕೈ ಕೊಡವಿಕೊಂಡು, ತಂಗಿಯ ಕೈಯಲ್ಲಿದ್ದ ಲಕೋಟೆಯ ಮೇಲಿನ ಬರಹ ಓದಿ, ಮೊಹರು ಬಿದ್ದ ರಸೀದಿಯನ್ನು ಅವಳಿಗೆ ಚಾಚಿದ.

"ತಗೋ, ಕೆಲಸ ಮುಗೀತು. ಬಿಸಾಡು. ಅಪ್ಪನೇ ಅಪ್ಪಣೆ ಕೊಟ್ಟಿದ್ದಾನಲ್ಲ."

ಯಾಗೊಡಾ ರಸೀದಿಯನ್ನು ಲಕೋಟೆಗೆ ಸೇರಿಸಿ ತನ್ನ ಕೋಟಿನ ಜೇಬಿಗಿಟ್ಟಳು. ಬಲಗೈಯಲ್ಲಿ ಮಣ್ಣು ಹಾಕಿದಳು. ಜನ ಊಟಕ್ಕೆ ಹೊರಟರು, ಕೊಸಾನಾ ಗೇಟಿನಿಂದ ಎರಡು ಸಲ ಕೂಗಿದಳು. ಯಾಗೊಡಾ ಅಲ್ಲೇ ನಿಂತಿದ್ದಳು. ಲಕೋಟೆ ಹಿಡಿದ ಅವಳ ಎಡಗೈ ಜೇಬಿನಿಂದ ಹೊರಗೆ ಬರಲಿಲ್ಲ.